ಅರ್ಧ ಗಡ್ಡದ ಸೂರ್ಯ

ನಾನು ಈಗ ಹೇಳುವುದನ್ನು ನೀವು ನಂಬುವುದಿಲ್ಲ. ಮಾರೇನಹಳ್ಳಿಯಲ್ಲಿ ನಲವತ್ತು ವರ್ಷದಿಂದ ನನ್ನನ್ನು ಬಲ್ಲವರೇ ನಂಬುವುದಿಲ್ಲ, ಇನ್ನು ನೀವು ಯಾವ ಲೆಕ್ಕ. ಆದರೂ ಪಂಥ ಕಟ್ಟುತ್ತೇನೆ. ಇದರಲ್ಲಿ ಒಂದೇ ಒಂದು ವಿವರ ನನ್ನ ಕಲ್ಪನೆ, ಉಳಿದದ್ದೆಲ್ಲ ನಡೆದದ್ದು. ಯಾವುದು ಅಂತ ಕೊನೆಯಲ್ಲಿ ನಾನೇ ಹೇಳುತ್ತೇನೆ. ಅಷ್ಟರೊಳಗೆ ಹಿಡಿದರೆ ನೀವು ಗೆದ್ದಿರಿ. ನನ್ನ ಸುಳ್ಳನ್ನು ಇಲ್ಲಿಯವರೆಗೆ ಯಾರೂ ಹಿಡಿದಿಲ್ಲ... ಒಬ್ಬರನ್ನು ಬಿಟ್ಟು.

ಆ ಒಬ್ಬರು ಮೊನ್ನೆ ನನ್ನ ಹಳೇ ಸ್ವೆಟರಿನ ಜೇಬಿನಿಂದ ಹೊರಗೆ ಬಂದರು. ಅಂಗೈಯಷ್ಟು ಅಗಲದ ಕಂದು ಕಾಗದದ ಕವರು, ಮಾತ್ರೆ ಹಾಕಿಕೊಡುತ್ತಾರಲ್ಲ ಅಂಥದ್ದು. ಮೂಗಿಗೆ ಹಿಡಿದರೆ ಇನ್ನೂ ಊದುಬತ್ತಿಯ ಘಮ, ಅದರ ಹಿಂದೆ ಮಾತ್ರೆ ಪುಡಿಯ ಕಹಿ. ಮೇಲೆ ನೀಲಿ ಪೆನ್ನಿನಲ್ಲಿ ಒಂದು ಸೂರ್ಯ, ಒಂದು ಚಂದ್ರ. ಸೂರ್ಯನಿಗೆ ಗಡ್ಡ. ಅದೂ ಬಲಗೆನ್ನೆಗೆ ಮಾತ್ರ.

ಅವರು ನಮ್ಮ ರಸ್ತೆ ತಿರುವಿನ ಮೆಡಿಕಲ್ ಶಾಪಿನವರು. ತೋಳಿಲ್ಲದ ಸ್ವೆಟರು, ದಾರ ಕಟ್ಟಿದ ಕನ್ನಡಕ, ಕೌಂಟರಿನ ಕಾಲಿಗೆ ಹಗ್ಗದಲ್ಲಿ ಕಟ್ಟಿ ಹಾಕಿದ ಕತ್ತರಿ. ಯಾರಿಗೂ ಪೂರ್ತಿ ಸ್ಟ್ರಿಪ್ ಕೊಡುತ್ತಿರಲಿಲ್ಲ. "ಮೊದ್ಲು ನಾಲ್ಕು ದಿನ ನೋಡಿ, ಒಗ್ಗಿದ್ರೆ ಬನ್ನಿ" ಎಂದು ಕಚಕ್ ಎಂದು ಕತ್ತರಿಸುತ್ತಿದ್ದರು, ಕೊನೇ ತಾರೀಖು ಇರುವ ತುದಿಯನ್ನು ತಮ್ಮ ಬಳಿಯೇ ಉಳಿಸಿಕೊಂಡು. ಓದಲು ಬಾರದವರ ಕವರಿನ ಮೇಲೆ ಬೆಳಗಿನ ಮಾತ್ರೆಗೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದುಕೊಡುತ್ತಿದ್ದರು. ಬಿ.ಕಾಂ. ಓದಿದ ನಾನು ನನಗೂ ಸೂರ್ಯ ಬೇಕೆಂದು ಹಟ ಹಿಡಿದೆ.

"ನಿಮ್ಗ್ಯಾಕೆ ಸಾರ್, ಕಣ್ಣು ಕಾಣಲ್ವಾ?"

"ಅಕ್ಷರದ ಮೇಲೆ ನಂಬಿಕೆ ಹೋಗಿದೆ."

ಅವರು ನಗಲಿಲ್ಲ, ಸೂರ್ಯನಿಗೆ ನನ್ನಂಥದೇ ಮೀಸೆ ಬರೆದು ಕೊಟ್ಟರು. ನನಗೆ ಸರಿಸಮ ಒಬ್ಬ ಸಿಕ್ಕ ಎಂದು ಆಗಲೇ ಗೊತ್ತಾಯಿತು.

ನನ್ನ ಕೀರ್ತಿಯನ್ನು ಸ್ವಲ್ಪ ಹೇಳಿಬಿಡುತ್ತೇನೆ. ಪಾರ್ಕಿನಲ್ಲಿ ನೆರಳಿರುವ ಒಂದೇ ಬೆಂಚಿಗೆ "ಬಣ್ಣ ಹಸಿ ಇದೆ" ಎಂಬ ಬೋರ್ಡು ನೇತುಹಾಕಿ ಮೂರು ತಿಂಗಳು ಅದರ ಮೇಲೆ ಒಬ್ಬನೇ ಕುಳಿತವನು ನಾನು. ಕೇಳಿದವರಿಗೆ, ನನ್ನ ಪಂಚೆ ಹಳೆಯದು, ಪರವಾಗಿಲ್ಲ ಎನ್ನುತ್ತಿದ್ದೆ. ಅಂಥವನಿಗೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಬಲಗೆನ್ನೆಯೊಳಗೆ ಕರೆಂಟು ಹೊಡೆಯಿತು. ಬ್ರಷ್ಷು ಬೇಸಿನ್ನಿಗೆ ಬಿತ್ತು. ಎರಡು ಸೆಕೆಂಡು, ಅಷ್ಟೇ. ಮತ್ತೆ ಕಾಫಿ ಕುಡಿಯುವಾಗ ಹೊಡೆಯಿತು. ಮತ್ತೆ ಫ್ಯಾನಿನ ಗಾಳಿಗೆ.

ಹೆಂಡತಿ ನಂಬಲಿಲ್ಲ. "ಇದೂ ನಿಮ್ ನಾಟಕಾನೇ ಅಲ್ವೇನ್ರೀ?" ಎಂದಳು. ಅವಳ ತಪ್ಪಲ್ಲ. ಹಲ್ಲಿನ ಡಾಕ್ಟರು ನಂಬಿದರು, ನಂಬಿ ಎರಡು ಗಟ್ಟಿ ಹಲ್ಲು ಕಿತ್ತರು. ಹಲ್ಲು ಹೋಯಿತು, ಕರೆಂಟು ಹೋಗಲಿಲ್ಲ.

ಆಮೇಲೆ ನಾನು ನನ್ನ ಮುಖದೊಳಗೆ ಬಂದಿಯಾದೆ. ಏಪ್ರಿಲ್ ಸೆಕೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಮಫ್ಲರ್ ಸುತ್ತಿ ಕೂರುತ್ತಿದ್ದೆ. ಬೆವರಿನಲ್ಲಿ ತೊಯ್ದ ಹೆಂಡತಿ ಅಡುಗೆಮನೆ ಬಾಗಿಲಿನಲ್ಲಿ ನಿಂತು ನೋಡುತ್ತಿದ್ದಳು. ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿದವನು ಎ.ಸಿ. ಗಾಳಿಗೆ ಹೆದರಿ ಮುಂದಿನ ಸ್ಟೇಷನ್ನಿನಲ್ಲೇ ಇಳಿದುಬಿಟ್ಟೆ. ಎಲ್ಲಕ್ಕಿಂತ ಕೆಟ್ಟದ್ದು ನಗು. ನಕ್ಕರೆ ಹೊಡೆಯುತ್ತಿತ್ತು. ಎದುರಿಗೆ ಯಾರಾದರೂ ತಮಾಷೆಯ ಮಾತು ಶುರು ಮಾಡಿದರೆ ನಾಯಿ ಕಂಡವನಂತೆ ರಸ್ತೆಯ ಆ ಕಡೆಗೆ ದಾಟಿಬಿಡುತ್ತಿದ್ದೆ. ಪಾರ್ಕಿನ ಬೆಂಚಿನ ಮೇಲೆ ಈಗ ಯಾರು ಯಾರೋ ಕೂರುತ್ತಿದ್ದರು.

ದಿನಾ ಮೆಡಿಕಲ್ ಶಾಪಿಗೆ ಹೋಗಿ ನೋವಿನ ಮಾತ್ರೆ ಕೇಳುತ್ತಿದ್ದೆ. ಒಂದು ದಿನ ಅವರು ಕತ್ತರಿ ಕೆಳಗಿಟ್ಟರು.

"ಇನ್ಮೇಲೆ ಕೊಡಲ್ಲ ಸಾರ್. ಇದು ಹಲ್ಲಲ್ಲ."

"ನೀವೇನು ಡಾಕ್ಟ್ರಾ?"

"ಅಲ್ಲ. ಆದ್ರೆ ಎರಡು ತಿಂಗಳಿಂದ ನೀವು ಎಡಗಡೆ ಮಾತ್ರ ಶೇವ್ ಮಾಡ್ಕೊಂಡು ಬರ್ತಾ ಇದೀರ. ಬಲಗಡೆ ಬ್ಲೇಡ್ ಮುಟ್ಟಿಸೋಕಾಗ್ತಾ ಇಲ್ಲ ಅಲ್ವಾ? ನರದ ಡಾಕ್ಟ್ರ ಹತ್ರ ಹೋಗಿ."

ಮಫ್ಲರಿನೊಳಗೆ ಅದು ಯಾರಿಗೂ ಕಾಣುವುದಿಲ್ಲ ಎಂದುಕೊಂಡಿದ್ದೆ. ಅವತ್ತಿನಿಂದ ನನ್ನ ಕವರಿನ ಸೂರ್ಯನಿಗೂ ಬಲಗಡೆ ಗಡ್ಡ ಬೆಳೆಯಿತು.

ನರದ ಡಾಕ್ಟರು ಹೇಳಿದ್ದು ಅದನ್ನೇ. ಮುಖದ ನರ, ಮಾತ್ರೆಯಲ್ಲಿ ಹಿಡಿತಕ್ಕೆ ಬರುತ್ತದೆ, ಆದರೆ ಯಾವ ಮಾತ್ರೆ ಎಂಬುದು ತಿಂದು ನೋಡಿದ ಮೇಲೇ ತಿಳಿಯುವುದು. ಮೊದಲನೆಯದಕ್ಕೆ ಮೈಯೆಲ್ಲ ಕೆಂಪು ದದ್ದು ಎದ್ದಿತು. ಮೆಡಿಕಲ್ ಶಾಪಿನವರು ನನ್ನ ಮೊಣಕೈ ನೋಡಿದ್ದೇ ಅಂಗಡಿಯನ್ನು ಪಕ್ಕದ ಟೈಲರಿಗೆ ಒಪ್ಪಿಸಿ, ತಾವೇ ಆಟೋ ಹತ್ತಿಸಿ ಡಾಕ್ಟರ ಹತ್ತಿರ ಕರೆದೊಯ್ದರು. ಎರಡನೆಯದು ಪಾದ ಊದಿಸಿತು, ನೋವನ್ನು ಮುಟ್ಟಲಿಲ್ಲ. ಮೂರನೆಯದು ಕೆಲಸ ಮಾಡುವ ಲಕ್ಷಣವಿತ್ತು, ಆದರೆ ತಲೆ ತಿರುಗುತ್ತಿತ್ತು. ಒಂದು ಬೆಳಿಗ್ಗೆ ಹಾಲಿನ ಬೂತಿನ ಮುಂದೆ ಓಲಾಡಿ ಕಂಬ ಹಿಡಿದುಕೊಂಡೆ. ಸಾಲಿನಲ್ಲಿದ್ದವರು "ಅಂಕಲ್ ಬೆಳಗ್ಗೇನೇ ಶುರು ಹಚ್ಕೊಂಡಿದಾರೆ" ಎಂದು ನಕ್ಕರು. ಊರನ್ನು ನಗಿಸಿದ್ದೇನೆ, ಆದರೆ ಊರು ನನ್ನನ್ನು ನೋಡಿ ನಕ್ಕದ್ದು ಅದೇ ಮೊದಲು.

ಅವತ್ತಿನಿಂದ ಮಾತ್ರೆಯನ್ನು ಮುರಿದು ಅರ್ಧ ಮಾತ್ರ ನುಂಗತೊಡಗಿದೆ. ಡಾಕ್ಟರಿಗೆ ಹೇಳಲಿಲ್ಲ. "ಪೂರ್ತಿ ತಗೋತಾ ಇದೀನಿ ಡಾಕ್ಟ್ರೇ, ಬೇಕಾದ್ರೆ ಇನ್ನೂ ಜಾಸ್ತಿ ಮಾಡಿ, ನಾನು ಗಟ್ಟಿ ಆಸಾಮಿ" ಎಂದು ಕೊಚ್ಚಿಕೊಂಡೆ. ಅವರು ಜಾಸ್ತಿ ಮಾಡಿದರು. ನಾನು ಅದನ್ನೂ ಮುರಿದೆ. ಎಂಟು ತಿಂಗಳಾದ ಮೇಲೆ ಡಾಕ್ಟರು ಪೆನ್ನು ಕೆಳಗಿಟ್ಟು, ಈ ಮಾತ್ರೆಯೂ ಹಿಡಿಯಲಿಲ್ಲ, ಇನ್ನು ಆಪರೇಷನ್ನೇ, ಕಿವಿಯ ಹಿಂದೆ ತಲೆಬುರುಡೆ ತೆರೆಯಬೇಕು ಎಂದರು. ಮನೆಗೆ ಬಂದು ಮಫ್ಲರ್ ಬಿಚ್ಚದೆ ಹಾಸಿಗೆ ಹಿಡಿದೆ. ಒಂದು ಕಡೆ ಕತ್ತಿ, ಇನ್ನೊಂದು ಕಡೆ ನನ್ನದೇ ಸುಳ್ಳು. ನಡುವೆ ಜಾರಿಕೊಳ್ಳುವಷ್ಟೂ ಜಾಗವಿರಲಿಲ್ಲ.

ಮೂರು ದಿನ ಬಿಟ್ಟು ಮೆಡಿಕಲ್ ಶಾಪಿಗೆ ಹೋದೆ. ಅವರದೊಂದು ರೂಢಿ ಇತ್ತು. ಬೆಳಗಿನಿಂದ ಎಷ್ಟು ಸಲ ಹೊಡೆಯಿತು ಎಂದು ಕ್ರಿಕೆಟ್ ಸ್ಕೋರಿನಂತೆ ಕೇಳುತ್ತಿದ್ದರು. ಅವತ್ತು ಕೇಳಲಿಲ್ಲ. ಕತ್ತರಿಯನ್ನೂ ಎತ್ತಲಿಲ್ಲ.

"ಸೋಮವಾರ ಬರಬೇಕಿತ್ತು ನೀವು. ಇವತ್ತು ಗುರುವಾರ."

"ಮೈ ಸರಿ ಇರ್ಲಿಲ್ಲ."

"ಅದಲ್ಲ. ನಾನು ಕತ್ತರಿಸಿ ಕೊಟ್ಟಿದ್ದು ಸೋಮವಾರಕ್ಕೆ ಮುಗೀಬೇಕಿತ್ತು. ಹಿಂದಿನ ಚೀಟಿ ಎಲ್ಲಾ ತೆಗೆದು ಲೆಕ್ಕ ಹಾಕ್ದೆ, ಎಂಟು ತಿಂಗಳಿಂದಾನೂ ಹಿಂಗೇ. ಅರ್ಧ ನುಂಗ್ತಾ ಇದೀರ ನೀವು."

ನಾನು ಏನೋ ತಮಾಷೆ ಹೇಳಲು ಬಾಯಿ ತೆರೆದೆ. ಕರೆಂಟು ಹೊಡೆಯಿತು. ಕೌಂಟರ್ ಹಿಡಿದುಕೊಂಡು ನಿಂತೆ. ಅದು ಇಳಿಯುವ ತನಕ ಅವರು ಕಾದರು. ಆಮೇಲೆ ಒಂದು ಖಾಲಿ ಕವರು ತೆಗೆದುಕೊಂಡು ಬರೆದರು: "ಡಾಕ್ಟ್ರೇ, ಇವರು ಎಂಟು ತಿಂಗಳಿಂದ ಅರ್ಧ ಮಾತ್ರೆ ತಗೊಂಡಿದಾರೆ. ಹೇಳೋಕೆ ನಾಚಿಕೆ."

"ಇದನ್ನ ಅವರ ಕೈಗೆ ಕೊಡಿ. ನೀವು ಬಾಯಿ ಬಿಡಬೇಡಿ, ಬಿಟ್ರೆ ಇನ್ನೊಂದು ಸುಳ್ಳು ಬರತ್ತೆ."

ಡಾಕ್ಟರು ಓದಿ ಕವರನ್ನು ಮೇಜಿನ ಮೇಲಿಟ್ಟರು. "ಹಾಗಾದ್ರೆ ಇಷ್ಟು ದಿನ ನಾನು ಯಾರಿಗೆ ಔಷಧಿ ಬರೀತಾ ಇದ್ದೆ?" ಎಂದರು. ಆಪರೇಷನ್ ಪಕ್ಕಕ್ಕಿಟ್ಟು ಅದೇ ಮಾತ್ರೆಯನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಹೋದರು. ಈ ಸಲ ಪೂರ್ತಿ ನುಂಗಿದೆ. ಮೂರು ವಾರ ಗೋಡೆ ಹಿಡಿದು ಓಡಾಡಿದೆ, ಹಾಲು ತರುವ ಕೆಲಸ ಹೆಂಡತಿಗೆ ಹೋಯಿತು. ಕೌಂಟರಿನಲ್ಲಿ ಸ್ಕೋರು ಇಳಿಯುತ್ತ ಬಂತು. ಮೂವತ್ತು... ಹದಿನೆಂಟು... ಒಂಬತ್ತು. ಒಂದು ಸಂಜೆ ಹೆಂಡತಿ ಕೇಳದೆಯೇ ಫ್ಯಾನ್ ಹಾಕಿದಳು. ನಾನು ಆರಿಸು ಎನ್ನಲಿಲ್ಲ.

ಅಷ್ಟರಲ್ಲಿ ಅಂಗಡಿಯ ಷಟರ್ ಮುಚ್ಚಿತು. ಒಂದು ದಿನ, ಒಂದು ವಾರ... ಅವರಿಗೆ ಶ್ವಾಸಕೋಶದ ಕಾಯಿಲೆ, ಆಸ್ಪತ್ರೆಯವರು ಕೈಚೆಲ್ಲಿ ಮನೆಗೆ ಕಳಿಸಿದ್ದಾರೆ ಎಂದು ಟೈಲರು ಹೇಳಿದ. ಶ್ರೀಗಂಧದ ಕಾವಲಿನಲ್ಲಿ ಮನೆ. ಹೋಗುವ ದಿನ ಬೆಳಿಗ್ಗೆ ನನ್ನ ಸ್ಕೋರು ಸೊನ್ನೆ. ಎರಡು ವರ್ಷದಲ್ಲಿ ಮೊದಲ ಸಲ ಎರಡೂ ಕೆನ್ನೆ ನುಣ್ಣಗೆ ಬೋಳಿಸಿ, ಮಫ್ಲರ್ ಇಲ್ಲದೆ ಹೋದೆ.

ಮಂಚದ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ್ದರು. ಮೂಗಿಗೆ ಆಕ್ಸಿಜನ್ ಕೊಳವೆ. ನನ್ನನ್ನು ಕಂಡು ಕಣ್ಣರಳಿಸಿದರು.

"ಎಷ್ಟು ಸಾರ್?"

"ಸೊನ್ನೆ."

ಕೈ ನಿಧಾನವಾಗಿ ಎತ್ತಿದರು. ನಾನು ಬಗ್ಗಿದೆ. ಎಳೆಮಗುವಿನ ಕೆನ್ನೆ ಮುಟ್ಟುವಂತೆ ಬೆರಳಿನ ಹಿಂಬದಿಯಿಂದ ನನ್ನ ಬಲಗೆನ್ನೆಯನ್ನು ಸವರಿದರು, ಕಿವಿಯಿಂದ ಗದ್ದದ ತನಕ. ನಾನು ಅಲುಗಾಡಲಿಲ್ಲ. ಕಣ್ಣಿನಲ್ಲಿ ನೀರು ತುಂಬಿ ಅವರ ಹೊದಿಕೆಯ ಮೇಲೆ ಬಿತ್ತು. ಅವರು ನನ್ನನ್ನೇ ನೋಡುತ್ತಿದ್ದರು.

"ಭಾರಿ ಕಿಲಾಡಿ ಸಾರ್ ನೀವು" ಎಂದರು.

ಹನ್ನೊಂದನೇ ದಿನ ತೀರಿಕೊಂಡರು.

ಅಂಗಡಿಯಲ್ಲಿ ಈಗ ಮೊಬೈಲಿಗೆ ಕವರು ಮಾರುತ್ತಾರೆ. ನನ್ನ ಮಾತ್ರೆ ಪೂರ್ತಿ ಸ್ಟ್ರಿಪ್ಪುಗಳಲ್ಲಿ ಬೈಕಿನ ಮೇಲೆ ಬರುತ್ತದೆ. ತರುವವರು ಓಟಿಪಿ ಕೇಳುತ್ತಾರೆ, ಎಷ್ಟು ಸಾರ್ ಎಂದು ಯಾರೂ ಕೇಳುವುದಿಲ್ಲ. ಮುರಿದು ನುಂಗಿದರೂ ಹಿಡಿಯುವವರಿಲ್ಲ. ಅದಕ್ಕೇ ಮುರಿಯುವುದಿಲ್ಲ.

ಸರಿ, ಪಂಥದ ಮಾತು. ಕಲ್ಪನೆಯ ವಿವರ ಬೆಂಚಿನದಲ್ಲ, ಆ ಬೋರ್ಡು ಇನ್ನೂ ನಮ್ಮ ಅಟ್ಟದ ಮೇಲಿದೆ. ಸುಳ್ಳು ಆ ಬೆಳಗಿನ ಸೊನ್ನೆ. ಸ್ಕೋರು ಒಂಬತ್ತರಿಂದ ಕೆಳಗೆ ಇಳಿದೇ ಇರಲಿಲ್ಲ, ಇವತ್ತಿಗೂ ಇಳಿದಿಲ್ಲ. ಬ್ಲೇಡ್ ಮುಟ್ಟಿಸಿದ್ದಕ್ಕೇ ಅವತ್ತು ನಾಲ್ಕು ಸಲ ಹೊಡೆದಿತ್ತು, ಬಚ್ಚಲಿನ ನಲ್ಲಿ ಹಿಡಿದುಕೊಂಡು ಬೋಳಿಸಿದ್ದೆ. ಅವರ ಬೆರಳು ಕಿವಿಯಿಂದ ಗದ್ದಕ್ಕೆ ಬರುವಷ್ಟರಲ್ಲಿ ಇನ್ನೆರಡು. ಸವರಿದ್ದು ಪ್ರೀತಿಗೋ, ನನ್ನ ಸೊನ್ನೆಯನ್ನು ಪರೀಕ್ಷೆ ಮಾಡುವುದಕ್ಕೋ... ಸೋಮವಾರಕ್ಕೂ ಗುರುವಾರಕ್ಕೂ ವ್ಯತ್ಯಾಸ ಹಿಡಿದವರು ಅವರು.

ಇವತ್ತು ಇನ್ನೂ ಮಧ್ಯಾಹ್ನ, ಆಗಲೇ ಏಳು. ಬಲಗಡೆ ಶೇವ್ ಮಾಡಿಲ್ಲ.