ನೀಲಮ್ಮನ ಕಾಲು ಮತ್ತು ಮಿಥೈಲ್

ಲಿವರ್ ಹೊಟ್ಟೆಯ ಯಾವ ಬದಿಗಿರುತ್ತದೆ ಎಂಬುದು ಹೋದ ವರ್ಷದವರೆಗೂ ನನಗೆ ಖಾತ್ರಿ ಇರಲಿಲ್ಲ. ಆಳಂದದಲ್ಲಿ ತೊಗರಿ ವ್ಯಾಪಾರ ಮಾಡಿಕೊಂಡಿರುವವನಿಗೆ ಅದರ ಗರಜೂ ಬಿದ್ದಿರಲಿಲ್ಲ. ಕಾಳು ಕಡಿದು ಹಸಿಯೋ ಒಣಗಿದ್ದೋ ಹೇಳುವುದೇ ನನ್ನ ಪಾಂಡಿತ್ಯ.

ಒಂದು ಮುಂಜಾನೆ ಹೆಂಡತಿ ನೀಲಮ್ಮನ ಎಡಗಾಲು ಬಾತು ಕೆಂಪಾಗಿತ್ತು. ಉಳುಕಿರಬೇಕೆಂದು ಎಣ್ಣೆ ಹಚ್ಚಿ ತಿಕ್ಕಲು ಕೂತೆ. ಅಷ್ಟರಲ್ಲಿ, ಹೇಳಿಕಳಿಸಿದ್ದಕ್ಕೆ ಬಂದ ಓಣಿಯ ಡಾಕ್ಟರು ನನ್ನ ಕೈ ಹಿಡಿದುಬಿಟ್ಟರು.

"ತಿಕ್ಕಬ್ಯಾಡ್ರಿ! ರಕ್ತ ಹೆಪ್ಪುಗಟ್ಟಿದಂಗ ಕಾಣ್ತದ. ಅದು ಅಲ್ಲಿಂದ ಎದ್ದು ಪುಪ್ಪಸಕ್ಕ ಹೋತಂದ್ರ ಜೀವಕ್ಕ ಬರ್ತದ. ಈಗಿಂದೀಗ ಕಲಬುರಗಿಗೆ ಹೊಂಡ್ರಿ."

ಕಾರಿನಲ್ಲಿ ಅವಳ ಕಾಲು ನನ್ನ ತೊಡೆಯ ಮೇಲೆ. "ಮಂದಿ ನೋಡ್ತಾರ್ರೀ" ಎಂದು ಎಳೆದುಕೊಳ್ಳಲು ನೋಡಿದಳು. "ಅಲುಗಾಡಬ್ಯಾಡ" ಎಂದು ಗದರಿದೆ. ಕಾರು ನಡೆಸುತ್ತಿದ್ದ ಗೆಳೆಯ ಮಹಬೂಬ, "ಹಂಗೇ ಇರ್ಲಿ ಭಾಬಿ, ನಾ ರೋಡ್ ನೋಡಾಕತ್ತೇನಿ" ಎಂದು ಎದುರಿನ ಕನ್ನಡಿಯನ್ನು ಪಕ್ಕಕ್ಕೆ ತಿರುವಿದ. ತಗ್ಗು ಬಂದಾಗಲೆಲ್ಲ ನಾನು ಅವಳ ಉಸಿರು ನೋಡುತ್ತಿದ್ದೆ. ಒಮ್ಮೆ ಕೆಮ್ಮಿದಳು. ಬಗ್ಗಿ ಅವಳ ಮುಖ ನೋಡಿದೆ.

"ಧೂಳ್ರೀ" ಎಂದಳು.

ಕಲಬುರಗಿಯ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಹೆಪ್ಪು ಖಾತ್ರಿಯಾಯಿತು. ಸೂಜಿ ಮದ್ದು ಶುರುವಾದರೂ ಗಂಡಾಂತರ ಕಳೆಯಿತೆಂದು ಯಾರೂ ಹೇಳಲಿಲ್ಲ. ಅವಳು ಮಗ್ಗಲು ಬದಲಿಸಿದರೂ ನಾನು ಕುರ್ಚಿಯಿಂದ ಏಳುತ್ತಿದ್ದೆ. ಬಾವು ಇಳಿಯತೊಡಗಿದ ಮೇಲೆ ಇನ್ನೊಂದು ರಿಪೋರ್ಟು ಬಂತು: ರಕ್ತದಲ್ಲಿ ಹೋಮೋಸಿಸ್ಟೀನ್ ವಿಪರೀತ ಏರಿದೆ.

"ಅದು ಎಲ್ಲರ ಮೈಯಾಗೂ ಆಗ್ತದ್ರಿ, ಭಾಳ ಏರಿದ್ರ ರಕ್ತ ಹೆಪ್ಪುಗಟ್ಟಬಹುದು" ಎಂದರು ಡಾಕ್ಟರಮ್ಮ. "ಅದಕ್ಕ ಮಿಥೈಲ್ ಅನ್ನೋ ಸಣ್ಣ ತುಣುಕು ಕೂಡಿದ್ರ ಮಿಥಿಯೋನಿನ್ ಆಗ್ತದ, ಮೈಗೆ ಬೇಕಾದದ್ದು. ಕೂಡಿಸೋ ಒಂದು ದಾರಿಗೆ ಬಿ-ಹನ್ನೆರಡು ಬೇಕು. ಇವರಿಗೆ ಅದೇ ಭಾಳ ಕಡಿಮಿ. ಇನ್ನೊಂದು ದಾರಿ ಲಿವರಿನಾಗ ಅದ. ಅಲ್ಲಿ ಒಂದು ಕಿಣ್ವ ಬೀಟೈನ್ ಅನ್ನೋ ಇನ್ನೊಂದು ವಸ್ತುವಿನಿಂದ ಮಿಥೈಲ್ ತಗೊಂಡು ಇದಕ್ಕ ಕೊಡ್ತದ. ಆದ್ರ ಅದೊಂದೇ ಎಷ್ಟಂತ ಮಾಡೀತು?"

ಬಿ-ಹನ್ನೆರಡರ ಸೂಜಿ ಸುರುವಾಯಿತು. ಊರಿಗೆ ಬಂದೆವು, ಕಾಲು ಸರಿಹೋಯಿತು. ನನಗೆ ಮಾತ್ರ ಆ ಕಿಣ್ವದ ಹುಚ್ಚು ಹಿಡಿಯಿತು. ಅದರೊಳಗೆ ಸತುವಿನ ಒಂದು ಕಣ ಕೂತು ಹೋಮೋಸಿಸ್ಟೀನನ್ನು ಹಿಡಿದುಕೊಳ್ಳುತ್ತದಂತೆ, ಮಿಥೈಲ್ ಬಂದು ಸೇರುವ ತನಕ. ಒಂದು ಸಂಜೆ ಇದನ್ನೆಲ್ಲ ಮೊಬೈಲಿನಲ್ಲಿ ಓದಿ ನೀಲಮ್ಮನಿಗೆ ವಿವರಿಸುತ್ತಿದ್ದೆ. ಅವಳು ಪೂರಾ ಕೇಳಿದಳು.

"ನನ್ನ ಹೊಟ್ಯಾಗ ಏನ್ ನಡದದ ಅಂತ ಮೊಬೈಲ್ ನೋಡಿ ಹೇಳ್ತೀರಿ. ನನ್ನ ಮಾರಿ ನೋಡಿ ಹೇಳ್ರಿ, ಈಗ ನನಗೇನು ಬೇಕಾಗ್ಯದ?"

ನೋಡಿದೆ. "ಗುಳಿಗಿ?" ಎಂದೆ.

"ಚಹಾ" ಎಂದಳು.

ಎದ್ದು ಒಲೆ ಹಚ್ಚಿದೆ. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳಲು ಮಾತ್ರ ಧೈರ್ಯವಾಗಲಿಲ್ಲ.