ಮೂರನೆಯ ಚಕ್ರದ ಸೀಮೆಸುಣ್ಣದ ಗುರುತು

ರೈಲು ಗಾಡಿ ಪರೀಕ್ಷೆಯ ಕ್ಷೇತ್ರದಲ್ಲಿ ಕಣ್ಣಿನಿಂದ ನೋಡುವವರು ನೂರಾರು ಮಂದಿ. ಕಿವಿಯಿಂದ ನೋಡುವವರು ನಮ್ಮ ಕಾರ್ಯಾಗಾರದಲ್ಲಿ ಒಬ್ಬರೇ. ಮೂವತ್ತೆಂಟು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಪೂಜ್ಯ ಹಿರಿಯ ಪರೀಕ್ಷಕರು, ನಮ್ಮೆಲ್ಲರ ಬಾಯಲ್ಲಿ ‘ಸುತ್ತಿಗೆ ಸಾಹೇಬರು’, ಚಕ್ರಕ್ಕೆ ಒಂದು ಪೆಟ್ಟು ಕೊಟ್ಟು ಅದರ ಆರೋಗ್ಯ ಹೇಳಬಲ್ಲವರು. ಗಟ್ಟಿ ಚಕ್ರ ‘ಠಣ್’ ಎನ್ನುತ್ತದೆ, ಬಿರುಕು ಬಿಟ್ಟದ್ದು ‘ಡಬ್’ ಎನ್ನುತ್ತದೆ. ಶಿಷ್ಯನಾಗಿ ಸೇರಿದ ಮೊದಲ ವಾರವೇ ನಾನು ಜ್ವರದಿಂದ ಮಲಗಿದಾಗ ತಮ್ಮ ಊಟದ ಡಬ್ಬಿಯನ್ನು ನನ್ನ ಕೋಣೆಗೆ ತಂದುಕೊಟ್ಟವರನ್ನು ಕುರಿತು ಈ ಅಭಿನಂದನಾ ಸಂಪುಟಕ್ಕೆ ಬರೆಯುತ್ತಿರುವುದು ಭಕ್ತಿಯಿಂದ ಮಾತ್ರವಲ್ಲ, ಭಯದಿಂದಲೂ.

ಗುಜರಿಗೆ ಹೊರಟಿದ್ದ ಶತಮಾನದಷ್ಟು ಹಳೆಯ ಮರದ ಬೋಗಿಯೊಂದನ್ನು ಉಳಿಸಲು ಸಾಹೇಬರು ನಿಧಿ ಸಂಗ್ರಹಕ್ಕಿಳಿದದ್ದು ನಾಲ್ಕು ವರ್ಷಗಳ ಹಿಂದೆ. ‘ಮನೆಗೊಂದು ಕಿಟಕಿ’ ಎಂದು ಬಾಗಿಲು ಬಾಗಿಲು ತಟ್ಟಿ ಕಿಟಕಿ, ಆಸನಗಳನ್ನು ಹೊಂದಿಸಿದರು. ಚಾವಣಿಯೊಂದು ಬಾಕಿ ಉಳಿಯಿತು. ಮಳೆಗಾಲದೊಳಗೆ ಅದೂ ಆಗದಿದ್ದರೆ ಬೋಗಿಯನ್ನು ಒಡೆಯುವುದೆಂದು ಮೇಲಧಿಕಾರಿಗಳು ತಿಳಿಸಿದ್ದರು. ದಾನಿಗಳ ಸಂಸಾರಗಳನ್ನು ಕೂರಿಸಿ ಒಂದು ಸುತ್ತು ಓಡಿಸಿ ತೋರಿಸಿದರೆ ಚಾವಣಿ ತಮ್ಮದೆಂದು ಗಿರಣಿ ಮಾಲೀಕರೊಬ್ಬರು ಮಾತು ಕೊಟ್ಟರು.

ಆ ಓಟದ ಹಿಂದಿನ ದಿನ ಚಕ್ರ ಪರೀಕ್ಷಿಸಿದವನು ನಾನು. ಮೂರನೆಯದು ‘ಡಬ್’ ಎಂದಿತು. ಬ್ರೇಕು ಹಿಡಿದಿದ್ದರೆ ಒಳ್ಳೆಯ ಚಕ್ರವೂ ಹಾಗೆಯೇ ಮಂಕಾಗಿ ನುಡಿಯುತ್ತದೆ. ಬ್ರೇಕು ಬಿಡಿಸಿ ಇನ್ನೊಮ್ಮೆ ಹೊಡೆಯಬೇಕಿತ್ತು. ಸೋಮಾರಿತನದಿಂದ ‘ಸರಿ’ ಎಂದು ಸೀಮೆಸುಣ್ಣದ ಗುರುತು ಹಾಕಿ ಮನೆಗೆ ಹೋದೆ.

ಮರುದಿನ ಬೋಗಿ ತುಂಬಿತ್ತು. ಕಿಟಕಿಗಳಲ್ಲಿ ಮಕ್ಕಳು ಕೈ ಬೀಸುತ್ತಿದ್ದರು. ಹೊರಡಲೆಂದು ಬ್ರೇಕು ಬಿಡಿಸಿಯಾಗಿತ್ತು. ಸಾಹೇಬರು ಅಭ್ಯಾಸಬಲದಿಂದ ಸುತ್ತಿಗೆ ಹಿಡಿದು ನಡೆದರು. ಠಣ್. ಠಣ್. ಡಬ್.

ಸಾಹೇಬರು ನನ್ನ ಮುಖ ನೋಡಿದರು, ಅಂಗೈಯಿಂದ ಆ ಗುರುತನ್ನು ಒರೆಸಿದರು, ಆಮೇಲೆ ಕೂಗಿದರು: “ಎಲ್ಲರೂ ಇಳೀರಿ, ಗಾಡಿ ಹೋಗಲ್ಲ.”

“ಏನ್ರೀ ಇದು, ಹುಡುಗಾಟವಾ? ನಿನ್ನೆ ನೋಡಿದ್ದು ಯಾರು?” ಎಂದರು ಮಾಲೀಕರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನ ಸ್ಥಿತಿ ನನ್ನದು. ನಾನು ಗುಂಪಿನ ಹಿಂದಕ್ಕೆ ಸರಿದೆ.

“ನಾನೇ ನೋಡಿದ್ದು. ವಯಸ್ಸಾಯ್ತಲ್ಲ, ಕಿವಿ ಮಂದ,” ಎಂದರು ಸಾಹೇಬರು.

ಮಾಲೀಕರು ಮಾತು ಹಿಂತೆಗೆದುಕೊಂಡು ಹೊರಟೇಹೋದರು. ಚಕ್ರ ಬಿಚ್ಚಿದಾಗ ಬೆರಳುದ್ದದ ಬಿರುಕು ಕಂಡಿತು. ಆ ಮಕ್ಕಳ ಕೈಗಳು ನೆನಪಾದವು. ಕಿವುಡನೆಂಬ ಹೆಸರು ಹೊತ್ತು ಸಾಹೇಬರು ಅದೇ ಬಾಗಿಲುಗಳನ್ನು ಮತ್ತೆ ತಟ್ಟಿದರು. ಕೆಲವರು ಮುಖಕ್ಕೆ ಹೊಡೆದಂತೆ ಮುಚ್ಚಿದರು. ಆದರೂ ಹಲಗೆಗೊಂದು ಮನೆಯಂತೆ ಸೇರಿಸಿ ಮಳೆಗೆ ನಾಲ್ಕು ದಿನ ಮುಂಚೆ ಚಾವಣಿ ಹೊದಿಸಿದರು. ನಿಜ ಹೇಳಿಬಿಡುತ್ತೇನೆಂದು ಹೋದರೆ ಗದರಿದರು: “ಬಾಯಿ ಮುಚ್ಕೊಂಡಿರು. ನನ್ನ ಕೆಲಸ ಮುಗೀತಾ ಬಂತು, ನಿಂದು ಈಗ ಶುರು. ಆದ್ರೆ ಆ ಭಯ ಬಿಟ್ಟೀಯಾ, ಜೋಕೆ!”

ಬಿಟ್ಟಿಲ್ಲ. ಈ ಸಂಪುಟದಲ್ಲೂ ಯಾರಾದರೂ ‘ಒಮ್ಮೆ ಮಾತ್ರ ಅವರ ಕಿವಿ ತಪ್ಪಿತು’ ಎಂದು ಬರೆದಿರಬಹುದು. ಸಂಪಾದಕರು ದಯವಿಟ್ಟು ಅದನ್ನು ಹೊಡೆದುಹಾಕಬೇಕು. ಆ ಗುರುತು ನನ್ನದು.

ಸಾಹೇಬರು ನೂರು ವರ್ಷ ಬಾಳಲಿ ಎಂಬ ನನ್ನ ಹಾರೈಕೆಯಲ್ಲಿ ಸ್ವಾರ್ಥವೂ ಇದೆ. ಮುಂದಿನ ತಿಂಗಳಿಂದ ಸುತ್ತಿಗೆ ನನ್ನ ಕೈಗೆ ಬರುತ್ತದೆ. ಭಾನುವಾರವಾದರೂ ಅವರು ಬೋಗಿಯ ಬಳಿಗೆ ಬರಲಿ, ನಾನು ಹೊಡೆದ ಪ್ರತಿ ಚಕ್ರಕ್ಕೂ ನನ್ನ ಹಿಂದೆಯೇ ಇನ್ನೊಂದು ಪೆಟ್ಟು ಹೊಡೆಯಲಿ.