ಎಡಗೈ ಕಟ್ಟು ಬಿಚ್ಚಿದ ಭಾನುವಾರ

ಆಗಸ್ಟ್ ತಿಂಗಳ ಒಂದು ಭಾನುವಾರ, ಬೆಳಗಿನ ಏಳು ಗಂಟೆ. ಮುಂಬಯಿಯ ಭಾಂಡುಪಿನ ನಮ್ಮ ಮನೆಯ ಹೊರಗಿನ ಕೋಣೆ. ಹಾಜರಿದ್ದವರು ಮೂವರು: ಮಂಚದ ಮೇಲೆ ನಮ್ಮ ಯಜಮಾನರು, ಪಕ್ಕದಲ್ಲಿ ಟ್ರೇ ಹಿಡಿದ ನಾನು, ಬಾಗಿಲ ಬಳಿ ಬಾಯಲ್ಲಿ ಬ್ರಶ್ ಇಟ್ಟುಕೊಂಡು ನಿಂತ ಮಗಳು.

ಹೀಗೆ ಶುರುಮಾಡುವುದು ನನಗೆ ರೂಢಿ. ನರ್ಸಾಗಿ ದುಡಿದು, ವಾರ್ಡಿನ ಹಿರಿಯ ಸಿಸ್ಟರ್ ಆಗಿ ನಿವೃತ್ತಳಾದವಳು ನಾನು. ಡ್ಯೂಟಿ ಬದಲಾಗುವಾಗ ಮುಂದಿನವರಿಗೆ ವಾರ್ಡು ಒಪ್ಪಿಸುವ ಕ್ರಮ ಒಂದೇ: ದಿನ, ಹೊತ್ತು, ಯಾರಿದ್ದರು, ಏನಾಯಿತು, ಏನು ಮಾಡಿದೆವು. ನಡುವೆ ಅಳುವುದಿಲ್ಲ, ಹಿಂದುಮುಂದು ಮಾಡುವುದಿಲ್ಲ. ನನ್ನ ತಲೆಯೂ ಹಾಗೆಯೇ ನಡೆಯುತ್ತದೆ, ಒಂದು ವಾಕ್ಯ ಮುಗಿದ ಮೇಲೆ ಇನ್ನೊಂದು.

ಆ ಬೆಳಿಗ್ಗೆ ಆಗಿದ್ದು ಇಷ್ಟು. ಮೂಗಿನಿಂದ ಹೊಟ್ಟೆಗೆ ಇಳಿಸಿದ್ದ ಊಟದ ಟ್ಯೂಬನ್ನು ನಮ್ಮವರು ಮತ್ತೆ ಕಿತ್ತುಹಾಕಿದ್ದರು. ಪಾರ್ಶ್ವವಾಯು ಅವರ ಬಲಗೈ, ಬಲಗಾಲು, ಮಾತು, ನುಂಗುವ ಶಕ್ತಿ ಎಲ್ಲವನ್ನೂ ಒಯ್ದಿತ್ತು. ಉಳಿದದ್ದು ಎಡಗೈ. ಆ ಕೈ ಟ್ಯೂಬಿಗೇ ಹೋಗುತ್ತಿತ್ತು. ಅದಕ್ಕೆ ನಾನು ಮಣಿಕಟ್ಟಿಗೆ ಹತ್ತಿ ಸುತ್ತಿ, ಬ್ಯಾಂಡೇಜಿನಿಂದ ಮಂಚದ ಸರಳಿಗೆ ಕಟ್ಟಿದ್ದೆ. ರಕ್ತ ಓಡಾಡಬೇಕು, ಕೈ ಮುಖಕ್ಕೆ ಹೋಗಬಾರದು, ಹಾಗೆ. ಕೈ ಹೋಗಲಿಲ್ಲ. ಅವರು ತಲೆಯನ್ನೇ ಜಾರಿಸಿ ಜಾರಿಸಿ ಕೈಯ ಹತ್ತಿರ ತಂದಿದ್ದರು.

ಡಾಕ್ಟರಿಗೆ ಫೋನ್ ಮಾಡಿದೆ. ನಮ್ಮ ಕಡೆಯವರೇ, ಧಾರವಾಡದವರು. "ಸಿಸ್ಟರ್, ನಿಮಗ ನಾ ಏನ ಹೇಳ್ಲಿ? ತಿಳದು ಕೀಳಾಕತ್ತಿದ್ರ ಅದು ಬ್ಯಾರೆ ಮಾತು. ಅವ್ರ ಮನಸ್ಸು ಕೇಳಬೇಕಾಗ್ತೈತಿ. ತಿಳೀದ ಕೀಳಾಕತ್ತಿದ್ರ, ಟ್ಯೂಬ್ ಮತ್ತ ಹಾಕ್ರಿ, ಕೈ ಬಿಗಿಯಾಗಿ ಕಟ್ರಿ," ಎಂದರು.

ತಿಳಿಯುವುದಿಲ್ಲ ಎಂದು ಆಗಲೇ ತೀರ್ಮಾನವಾಗಿತ್ತು. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದವರು ಕೇಳಿದ್ದಕ್ಕೆಲ್ಲ ಅವರು ಹೂಂ ಎಂದು ತಲೆಯಾಡಿಸಿದ್ದರು. ಇದು ಪೆನ್ನೇ? ಹೂಂ. ಇದು ಆನೆಯೇ? ಅದಕ್ಕೂ ಹೂಂ. ಮನೆಗೆ ಬಂದ ಮೇಲೆ ನಾನೂ ದಿನಾ ಬೆಳಿಗ್ಗೆ ವಾರ್ಡಿನ ಪ್ರಶ್ನೆಗಳನ್ನು ಕೇಳುತ್ತಿದ್ದೆ. ಇವತ್ತು ಸೋಮವಾರವೇ? ಹೂಂ. ಮಂಗಳವಾರವೇ? ಹೂಂ.

ಹಾಗಾಗಿ ಹೊಸ ಟ್ಯೂಬು, ಜೆಲ್ಲಿ, ಸಿರಿಂಜು ಟ್ರೇಯಲ್ಲಿ ಸಾಲಾಗಿ ಜೋಡಿಸಿ ತಂದಿದ್ದೆ. ಟ್ಯೂಬು ನೋಡಿದ ಕೂಡಲೇ ಅವರು ಮುಖವನ್ನು ಗೋಡೆಗೆ ತಿರುಗಿಸಿದರು.

"ಅವ್ವಾ, ಥಾಂಬ್, ನಿಲ್ಲು," ಎಂದಳು ಮಗಳು. ಸಾಂತಾಕ್ರೂಜಿನಲ್ಲಿ ಅವಳ ಮನೆ, ಆಫೀಸು. ಶನಿವಾರ ಸಂಜೆ ಲೋಕಲ್ ಹಿಡಿದು ಬಂದು, ಭಾನುವಾರ ಇದ್ದು ಹೋಗುತ್ತಾಳೆ. "ಒಂದ್ ಮಿನಿಟ್ ಥಾಂಬ್. ನಿನ್ನೆ ಏನ್ ಹೇಳ್ದೆ ನಾ?"

ಹಿಂದಿನ ಸಂಜೆ ಅವಳು ಆಫೀಸಿನ ಒಂದು ಟ್ರೇನಿಂಗಿನ ಕಥೆ ಹೇಳಿದ್ದಳು. ಯಾರು ಹೇಗೆ ವಿಚಾರ ಮಾಡುತ್ತಾರೆ ಎಂದು ಅಲ್ಲಿ ಗುಂಪು ಮಾಡಿದ್ದರಂತೆ. ಕೆಲವರು ಮಾತಿನಲ್ಲಿ, ಕೆಲವರು ಚಿತ್ರದಲ್ಲಿ, ಕೆಲವರಿಗೆ ಕೈಯಾಡಿಸದೆ ತಲೆ ಓಡುವುದೇ ಇಲ್ಲ. ಅವಳು ಚಿತ್ರದ ಗುಂಪಿಗೆ ಬಿದ್ದಿದ್ದಳು. ನನಗೆ ನಗು ಬಂತು. ಸಂಬಳ ಕೊಟ್ಟು ಇಂಥ ಆಟ ಆಡಿಸುತ್ತಾರೆಯೇ?

"ನಗಬ್ಯಾಡ," ಎಂದಳು ಆಗ. "ಕಣ್ಣ ಮುಚ್ಚು ಅವ್ವಾ. ಆಂಟಾಪ್ ಹಿಲ್‌ದು ನಮ್ಮ ಹಳೆ ಚಾಳಿನ ಮನಿ ಇತ್ತಲ್ಲ, ಅದರ ಬಾಗಲಾ ಕಾಣಸ್ತದೇನು?"

ಮುಚ್ಚಿದೆ. "ಹಸರ ಬಾಗಲಾ. ಕೆಳಗ ಬಣ್ಣ ಹೋಗಿತ್ತು. ಚಿಲಕ ಸಡಲಿತ್ತು."

"ಅದು ನೀ ಹೇಳಾಕತ್ತಿ. ಕಾಣಸ್ತದೇನು?"

"ಕಾಣೂದಂದ್ರ? ಗೊತ್ತೈತಿ. ಕಣ್ಣ ಮುಚ್ಚಿದ್ರ ಕತ್ತಲಿ, ಮತ್ತೇನ ಕಾಣತೈತಿ?"

ಅವಳು ಕೈಯಲ್ಲಿದ್ದ ಚಹಾ ಕೆಳಗಿಟ್ಟಳು. "ನನಗ ಆ ಬಾಗಲಾ ಪೂರಾ ಕಾಣಸ್ತದ ಅವ್ವಾ. ಸಚ್ಚಿ. ಬಿಸಲೂ ಕಾಣಸ್ತದ." ಸ್ವಲ್ಪ ತಡೆದು, "ಅಪ್ಪನ ಮುಖ?" ಎಂದಳು.

ಮತ್ತೆ ಕಣ್ಣು ಮುಚ್ಚಿದೆ. ಎಡ ಹುಬ್ಬಿನ ಮೇಲೆ ಉಳಿ ತಾಗಿದ ಗಾಯದ ಗುರುತು. ಕಿವಿಯ ಮೇಲೆ ಕೂದಲು. ಮುಂದಿನ ಹಲ್ಲಿನಲ್ಲಿ ಸಂದು. ಎಲ್ಲ ಗೊತ್ತು, ಒಂದೂ ಕಾಣಲಿಲ್ಲ. ಮುಖ ಕಣ್ಣೆದುರು ಬಂತು ಎಂದು ಜನ ಅನ್ನುವುದು ಬರಿಯ ಮಾತಿಗೆ ಎಂದೇ ಇಷ್ಟು ವರ್ಷ ನಂಬಿದ್ದೆ. ಅವರಿಗೆಲ್ಲ ನಿಜವಾಗಿಯೂ ಬರುತ್ತದೆ ಎಂದು ಗೊತ್ತಾದದ್ದು ಆ ಸಂಜೆ. ಇವರು ಹೋದ ಮೇಲೆ ನನ್ನ ಬಳಿ ಏನು ಉಳಿಯುತ್ತದೆ ಎಂಬುದೂ ಆಗಲೇ ತಿಳಿಯಿತು. ಎದ್ದು ಪಾತ್ರೆ ತೊಳೆಯಲು ಹೋದೆ.

ಈಗ ಮಗಳು ಬಾಯಿ ಮುಕ್ಕಳಿಸಿ ಬಂದು ಟ್ರೇಗೆ ಅಡ್ಡ ನಿಂತಳು. "ನೀ ಕೇಳೂದೆಲ್ಲಾ ಮಾತಿನ್ಯಾಗ. ಅಪ್ಪ ಮಾತಿನ್ಯಾಗ ವಿಚಾರ ಮಾಡಿದ್ದು ಯಾವಾಗ, ಹೇಳು?"

ಅದು ನಿಜ. ಅವರು ಇದೇ ಭಾಂಡುಪಿನ ಕಾರ್ಖಾನೆಯೊಂದರಲ್ಲಿ ಪ್ಯಾಟರ್ನ್ ಮಾಡುತ್ತಿದ್ದರು. ಕಬ್ಬಿಣ ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಕಟ್ಟಿಗೆಯಲ್ಲಿ ಕೆತ್ತುವ ಕೆಲಸ. ಕಾರ್ಖಾನೆ ಹೋಗಿ ಆ ಜಾಗದಲ್ಲಿ ಟವರ್ ಎದ್ದಿದೆ. ಯಾರಾದರೂ ದಾರಿ ಕೇಳಿದರೆ ಇವರು ಬಾಯಿ ತೆರೆಯುತ್ತಿರಲಿಲ್ಲ, ಬೆರಳಿನಿಂದ ಗೋಡೆಯ ಮೇಲೆ ಗೀಚುತ್ತಿದ್ದರು. ಮದುವೆಯಾದ ಹೊಸತರಲ್ಲಿ, ಸುಮ್ಮನೆ ಕುಳಿತು ಏನು ವಿಚಾರ ಮಾಡುತ್ತೀರಿ ಎಂದು ಕೇಳಿದ್ದೆ. "ವಿಚಾರ ಏನೂ ಮಾಡಂಗಿಲ್ಲ. ನೋಡ್ತೀನಿ," ಎಂದಿದ್ದರು. ಬೇಸರದ ಉತ್ತರ ಎಂದುಕೊಂಡಿದ್ದೆ.

"ಔಷಧಿ ಹೊತ್ತು ಮೀರಾಕತ್ತೈತಿ. ಲಗೂ ಮಾಡು," ಎಂದೆ.

ಮಗಳು ಎರಡು ಹಾಳೆ, ಸ್ಕೆಚ್ ಪೆನ್ನು ತಂದಳು. ಒಂದರಲ್ಲಿ ಮಂಚ, ಮಲಗಿದ ಮನುಷ್ಯ, ಮೂಗಿಗೆ ಟ್ಯೂಬು, ಕಟ್ಟಿದ ಕೈ. ಇನ್ನೊಂದರಲ್ಲಿ ಅದೇ ಮಂಚ, ಟ್ಯೂಬಿಲ್ಲ, ಕಟ್ಟಿಲ್ಲ, ಪಕ್ಕದಲ್ಲಿ ಚಮಚ ಹಿಡಿದ ಹೆಂಗಸು.

"ಇದು ನಾನಾ? ಹಿಂಗ ಡೊಳ್ಳಹೊಟ್ಟಿ ತಗದೀಯಲ್ಲ."

"ಸಿಸ್ಟರ್ ಸಾಹೇಬ್ರು ಚುಪ್ ಇರಬೇಕು," ಎಂದಳು.

ನಾನು ಎಡಗೈ ಬಿಚ್ಚಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದೆ. ಅವರು ಹಾಳೆಗಳನ್ನು ನೋಡಿದರು. ನನ್ನ ಪ್ರಶ್ನೆಗಳಿಗೆ ತಲೆಯಾಡಿಸುವಾಗ ಅವರ ಕಣ್ಣು ಎಲ್ಲೋ ಇರುತ್ತಿತ್ತು. ಈಗ ಹಾಳೆಯ ಮೇಲೆಯೇ ಇತ್ತು. ಟ್ಯೂಬಿನ ಚಿತ್ರವನ್ನು ಮಂಚದಿಂದ ಕೆಳಗೆ ತಳ್ಳಿದರು. ಇನ್ನೊಂದನ್ನು ಹತ್ತಿರ ಎಳೆದು, ಅದರ ಅಂಚಿನುದ್ದಕ್ಕೆ ಹೆಬ್ಬೆರಳು ಆಡಿಸಿ, ಬೋರಲು ಹಾಕಿದರು.

ಮಗಳಿಗೆ ಅರ್ಥವಾಗಲಿಲ್ಲ. ನನಗಾಯಿತು. ಕೆತ್ತಿದ ತುಂಡು ಸರಿಬಂದಾಗ ಅವರು ಅಂಚಿಗೆ ಹೆಬ್ಬೆರಳು ಆಡಿಸಿ ಬೋರಲು ಇಡುತ್ತಿದ್ದರು. ಬೋರಲು ಇಟ್ಟದ್ದನ್ನು ಆಮೇಲೆ ಕಾರ್ಖಾನೆಯಲ್ಲಿ ಯಾರೂ ಮುಟ್ಟುವಂತಿರಲಿಲ್ಲ. ಮನೆಯಲ್ಲೂ ಅಷ್ಟೇ, ರಿಪೇರಿ ಮಾಡಿದ ಮಣೆಯಾದರೂ ಹಾಗೆಯೇ. ಮುಗಿಯಿತು ಎಂದು ಅವರು ಬಾಯಿಂದ ಹೇಳಿದ್ದು ನಾನು ಕೇಳಿಲ್ಲ.

ಆದರೆ ಒಂದು ಸಲ ಆದದ್ದನ್ನು ವಾರ್ಡಿನಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಳೆಗಳನ್ನು ಎಡಬಲ ಬದಲಾಯಿಸಿ ಮತ್ತೆ ಇಟ್ಟೆ. ಅದೇ ಉತ್ತರ. ಟ್ಯೂಬಿನ ಚಿತ್ರವನ್ನು ದೊಡ್ಡದಾಗಿ, ಅಂದವಾಗಿ ತೆಗೆಸಿದೆ. ಅದನ್ನೂ ತಳ್ಳಿದರು.

"ಬಸ್ ಅವ್ವಾ, ಅಪ್ಪಗ ಸಮಝತದ," ಎಂದು ಮಗಳು ಕಣ್ಣೊರೆಸಿಕೊಂಡಳು. ಅವಳಿಗೆ ಅದು ಸಂತೋಷದ ಸುದ್ದಿ.

"ಮುಗದಿಲ್ಲ. ಇನ್ನೊಂದು ತೆಗಿ."

"ಏನು?"

ಚಮಚದಲ್ಲಿ ಕೊಟ್ಟರೆ ಅನ್ನ ಶ್ವಾಸನಾಳಕ್ಕೆ ಹೋಗಬಹುದು. ಹೋಗದಿದ್ದರೂ ಹೊಟ್ಟೆಗೆ ಸಾಲುವುದಿಲ್ಲ. ಟ್ಯೂಬು ಬೇಡ ಎನ್ನುವವರಿಗೆ ಅದರ ಮುಂದಿನದೂ ತಿಳಿದಿರಬೇಕು. ಅದನ್ನು ತಿಳಿಸದೆ ತೆಗೆದುಕೊಂಡ ಒಪ್ಪಿಗೆ ಒಪ್ಪಿಗೆಯಲ್ಲ. ನನಗೆ ಚಿತ್ರ ಬರುವುದಿಲ್ಲ. ಆದ್ದರಿಂದ ಕ್ರಮವಾಗಿ ಹೇಳಿದೆ: "ಇದ ಮನಷ್ಯಾ ಕೆಮ್ಮೂದು ತೆಗಿ. ಆಮ್ಯಾಲ ಸೊರಗಿದ್ದು ತೆಗಿ. ಆಮ್ಯಾಲ ಬರೇ ಮಂಚ."

"ನಾ ತೆಗ್ಯಂಗಿಲ್ಲ."

"ನಿನಗ ಬರತೈತಿ. ನನಗ ಬರಂಗಿಲ್ಲ."

"ನೀ ಅವ್ವ ಇದ್ದೀಯೋ ಏನ್ ಇದ್ದೀಯೋ," ಎಂದು ಬೈದಳು. ಬೈಯುತ್ತಲೇ ತೆಗೆದಳು. ಕೊನೆಯ ಹಾಳೆಯಲ್ಲಿ ಮಂಚವೊಂದೇ ಇತ್ತು, ಮೇಲೆ ಸಪಾಟಾದ ಚಾದರ. ಹೇಳಿದವಳು ನಾನೇ. ಆದರೆ ಕಾಗದದ ಮೇಲೆ ಬರುವವರೆಗೆ ನಾನು ಅದನ್ನು ನೋಡಿರಲಿಲ್ಲ. ನನ್ನ ಕೈ ಮಂಚದ ಸರಳನ್ನು ಹಿಡಿದುಕೊಂಡಿತು.

ಅವರು ಮೂರನ್ನೂ ಸಾಲಾಗಿ ನೋಡಿದರು. ಖಾಲಿ ಮಂಚದ ಮೇಲೆ ಅವರ ಕಣ್ಣು ಬಹಳ ಹೊತ್ತು ನಿಂತಿತು. ಆಮೇಲೆ ಪೆನ್ನಿಗೆ ಕೈ ಚಾಚಿದರು. ಮಗಳು ಕೊಟ್ಟಳು. ಅವಸರದಲ್ಲಿ ಅವಳು ಮಂಚದ ಒಂದು ಕಾಲನ್ನು ಗಿಡ್ಡ ಮಾಡಿದ್ದಳು. ಎಡಗೈಯಿಂದ ಅವರು ಆ ಕಾಲನ್ನು ನೆಲಕ್ಕೆ ಮುಟ್ಟಿಸಿದರು. ಪೆನ್ನು ಬಿಟ್ಟರು. ಅಂಚಿಗೆ ಹೆಬ್ಬೆರಳು ಆಡಿಸಿದರು, ಪೂರಾ ಮೂಲೆಯವರೆಗೆ. ಹಾಳೆಯನ್ನು ಬೋರಲು ಹಾಕಿ ನನ್ನನ್ನು ನೋಡಿದರು.

ಮಗಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ನೀರಿನ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ನಾನು ಡಾಕ್ಟರಿಗೆ ಫೋನ್ ಮಾಡಿ, ದಿನ, ಹೊತ್ತು, ಯಾರಿದ್ದರು, ಏನಾಯಿತು, ಎಲ್ಲ ಕ್ರಮವಾಗಿ ಒಪ್ಪಿಸಿದೆ. "ಸಂಜೀಕ ಬಂದು ನಾನೂ ನೋಡ್ತೀನಿ. ಅಲ್ಲೀತನಕ ಟ್ಯೂಬ್ ಬ್ಯಾಡ," ಎಂದರು.

ಸಂಜೆ ಬಂದರು. ಹಾಳೆಗಳನ್ನು ತಾವೇ ಇಟ್ಟು ನೋಡಿದರು. ಉತ್ತರ ಬದಲಾಗಲಿಲ್ಲ. ನೋವಾಗದಂತೆ ನೋಡಿಕೊಳ್ಳುವ ಔಷಧಿ ಬರೆದುಕೊಟ್ಟು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ನಿಮಗ ನಾ ಕಲಸೂದೇನೈತ್ರಿ ಸಿಸ್ಟರ್," ಎಂದರು.

ಮಗಳು ಆ ರಾತ್ರಿ ಹೋಗಲಿಲ್ಲ, ರಜೆ ಹಾಕಿದಳು. ನಾನು ಅವರನ್ನು ನೇರವಾಗಿ ಕೂರಿಸಿ, ಗಂಜಿಯ ತಿಳಿಯನ್ನು ಚಮಚದ ತುದಿಯಲ್ಲಿ ಕೊಟ್ಟೆ. ಅರ್ಧ ಹೊರಗೆ ಬಂತು. ಒರೆಸಿದೆ. ಎಡಗೈ ಒಮ್ಮೆ ಮೂಗಿನವರೆಗೆ ಹೋಗಿ, ಅಲ್ಲಿ ಏನೂ ಇಲ್ಲದ್ದನ್ನು ತಿಳಿದು, ಹೊಟ್ಟೆಯ ಮೇಲೆ ಬಂದು ಮಲಗಿತು. ಮುಖವನ್ನು ದೀಪದ ಬೆಳಕಿನಲ್ಲಿ ನೋಡುತ್ತ ಕುಳಿತೆ. ಕಣ್ಣು ಮುಚ್ಚಲಿಲ್ಲ.

ಆಮೇಲೆ ಟ್ರೇ ಖಾಲಿ ಮಾಡಿದೆ. ತೆರೆಯದ ಟ್ಯೂಬನ್ನು ಕಪಾಟಿನಲ್ಲಿಟ್ಟೆ. ಮಂಚದ ಸರಳಿನಿಂದ ಬ್ಯಾಂಡೇಜು ಬಿಡಿಸಿ, ಸೋಪಿನಲ್ಲಿ ಒಗೆದು, ಹಿಂಡಿ, ಕಿಟಕಿಯ ಹಗ್ಗಕ್ಕೆ ನೆರಿಗೆಯಿಲ್ಲದಂತೆ ಎಳೆದು ಹಾಕಿದೆ.